ಸಹಿಗೆ ಮುಂಚಿನ ಮಾತು

ಕ್ರಿಸ್ಟೋಫರ್ ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ ನಾಟಕವನ್ನು ಜ್ಞಾನದಾಹಕ್ಕೆ ತೆತ್ತ ಬೆಲೆಯ ಕಥೆಯೆಂದು ಓದುವುದು ರೂಢಿ. ವಿಟೆನ್‌ಬರ್ಗಿನ ಪಂಡಿತ ಫಾಸ್ಟಸ್ ತನ್ನ ರಕ್ತದಲ್ಲೇ ಪತ್ರ ಬರೆದು ಆತ್ಮವನ್ನು ಮಾರುತ್ತಾನೆ. ಪ್ರತಿಯಾಗಿ 24 ವರ್ಷ ಮೆಫಿಸ್ಟೊಫಿಲಿಸ್ ಎಂಬ ಪಿಶಾಚಿ ಅವನ ಆಳು. ಈ ವ್ಯಾಪಾರದಲ್ಲಿ ಅವನಿಗೆ ದಕ್ಕಿದ ಜ್ಞಾನವೆಷ್ಟೆಂದು ಲೆಕ್ಕ ಹಾಕುತ್ತ ಹೋದರೆ ಎದೆ ಝಲ್ಲೆನ್ನುತ್ತದೆ.

ಪಿಶಾಚಿ ಆಡುವ ಅತ್ಯಂತ ನಿಜವಾದ ಮಾತುಗಳು ಸಹಿ ಬೀಳುವ ಮುಂಚೆಯೇ, ಬಿಟ್ಟಿಯಾಗಿ ಸಿಕ್ಕಿರುತ್ತವೆ. ನಿನ್ನ ಮಂತ್ರಕ್ಕೆ ಕಟ್ಟುಬಿದ್ದು ಬಂದವನಲ್ಲ ನಾನು ಎನ್ನುತ್ತಾನೆ. ನರಕದಿಂದ ಹೊರಗೆ ಹೇಗೆ ಬಂದೆ ಎಂದರೆ, ಹೊರಗೆ ಬಂದೇ ಇಲ್ಲ, ನಾನು ನಿಂತ ಈ ಜಾಗವೇ ನರಕ ಎಂಬರ್ಥದ ಉತ್ತರ ಕೊಡುತ್ತಾನೆ. ಇಂಥ ಪ್ರಶ್ನೆ ಬಿಟ್ಟುಬಿಡು ಎಂದು ಅಂಗಲಾಚುತ್ತಾನೆ ಕೂಡ. ಫಾಸ್ಟಸ್ ಮಾತ್ರ ಅವನಿಗೇ ಧೈರ್ಯದ ಪಾಠ ಹೇಳಲು ಹೊರಡುತ್ತಾನೆ!

ಸಹಿಯಾದ ಮೇಲೆ ಉತ್ತರಗಳು ಸೊರಗುತ್ತವೆ. ಗ್ರಹಗತಿ ಕೇಳಿದರೆ ಭೂಮಿಯನ್ನು ನಡುವಿಟ್ಟ ಹಳೆಯ ಪಾಠವೇ ಬರುತ್ತದೆ. ಸೂರ್ಯನನ್ನು ನಡುವಿಟ್ಟ ಕೊಪರ್ನಿಕಸ್‌ನ ಗ್ರಂಥ ಆಗಲೇ, 1543ರಲ್ಲಿ, ಅಚ್ಚಾಗಿತ್ತು. ಇಷ್ಟನ್ನು ನನ್ನ ಸೇವಕ ವ್ಯಾಗ್ನರನೂ ಹೇಳಬಲ್ಲ ಎಂದು ಫಾಸ್ಟಸ್ ಸಿಡುಕುತ್ತಾನೆ. ಜಗತ್ತನ್ನು ಸೃಷ್ಟಿಸಿದವರಾರು ಎಂದರೆ ಪಿಶಾಚಿ ಬಾಯಿ ಬಿಡುವುದಿಲ್ಲ. ನಕ್ಷತ್ರಗಳನ್ನು ಅರಿಯಲು ಫಾಸ್ಟಸ್ ಆಕಾಶಕ್ಕೇರಿದ ಸಂಗತಿ ಮೇಳದವರ ವರದಿಯಲ್ಲಷ್ಟೇ ಉಂಟು. ರಂಗದ ಮೇಲೆ ಕಾಣುವುದು ಪೋಪನ ತಟ್ಟೆ ಕಸಿಯುವ ಫಾಸ್ಟಸ್, ಕುದುರೆ ವ್ಯಾಪಾರಿಗೆ ಟೋಪಿ ಹಾಕುವ ಫಾಸ್ಟಸ್, ಬಸುರಿ ಡಚೆಸ್‌ಗೆ ಚಳಿಗಾಲದಲ್ಲಿ ದ್ರಾಕ್ಷಿ ತರಿಸಿಕೊಡುವ ಫಾಸ್ಟಸ್. ಈ ದೃಶ್ಯಗಳು ತೆಳುವೆಂದು, ಬೇರೆ ಯಾರೋ ಸೇರಿಸಿದ್ದೆಂದು ತಳ್ಳಿಹಾಕಿದ ವಿಮರ್ಶಕರುಂಟು. ಯಾರೇ ಬರೆದಿರಲಿ, ನಾಟಕದ ಘೋರವೆಲ್ಲ ಇಲ್ಲೇ ಇದೆ: ಲೋಕವನ್ನೇ ಅರಿಯಹೊರಟವನಿಗೆ ತನ್ನ ಪ್ರಶ್ನೆಗಳೇ ಮರೆತುಹೋಗಿವೆ. ಕೊನೆಯ ಗಂಟೆಯ ನರಕಕ್ಕಿಂತ ಈ ಮರೆವು ನನ್ನನ್ನು ಹೆಚ್ಚು ಕಾಡುತ್ತದೆ.

ಈ ಮರೆವು ಅವನದೇ ಆದ್ದರಿಂದ, ನಾಟಕ ಉಳಿದುಬಂದಿರುವ ಎರಡು ಪಠ್ಯಗಳಲ್ಲಿ 1604ರದು ನನಗೆ ಮೇಲು. 1616ರ ಪಠ್ಯದಲ್ಲಿ, ನೀನು ಧರ್ಮಗ್ರಂಥ ಓದುವಾಗ ಪುಟ ತಿರುವಿ ನಿನ್ನ ಕಣ್ಣನ್ನು ದಾರಿ ತಪ್ಪಿಸಿದವನು ನಾನೇ ಎಂದು ಮೆಫಿಸ್ಟೊಫಿಲಿಸ್ ಒಪ್ಪಿಕೊಳ್ಳುತ್ತಾನೆ. ಆ ಒಂದು ಮಾತಿನಿಂದ ಫಾಸ್ಟಸ್ ಮೋಸಹೋದ ಬಡಪಾಯಿಯಾಗಿಬಿಡುತ್ತಾನೆ. ಹಳೆಯ ಪಠ್ಯದಲ್ಲಿ ಆ ಆಸರೆಯಿಲ್ಲ. ಪಾಪದ ಸಂಬಳ ಸಾವೆಂಬ ಅರ್ಧ ವಾಕ್ಯ ಓದಿ, ನಿತ್ಯಜೀವದ ವರವನ್ನು ಹೇಳುವ ಉಳಿದರ್ಧಕ್ಕೆ ಕಣ್ಣು ಹಾಯಿಸದೆ ಪುಸ್ತಕ ಮುಚ್ಚಿದ ಕೈ ಅಲ್ಲಿ ಪಂಡಿತನದೇ.