ಪ್ಯಾಡಿಗೂ ಒಂದು ‘ಸಾ’ ಬೇಕು

ಯಾದಗಿರಿ, ಶಹಾಪುರ, ಸುರಪುರದ ಕಡೆ ಅಮಾವಾಸ್ಯೆ ಭಜನೆಗೆ ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ಬಂದು ಕೂತದ್ದನ್ನು ಹಳಬರು ಇನ್ನೂ ಪೂರ್ತಿ ಒಪ್ಪಿಲ್ಲ. ‘ಜೀವ ಇಲ್ರೀ ಅದ್ರಾಗ’ ಅನ್ನುತ್ತಾರೆ. ನನ್ನ ತಕರಾರು ಬೇರೆ. ಪೇಟಿ ಕರಿ ಒಂದರಲ್ಲಿ ನಿಂತಿರುತ್ತದೆ, ಹಾಡುವವರೂ ಅಲ್ಲೇ ಇರುತ್ತಾರೆ, ಪ್ಯಾಡಿನ ತಬಲಾ ‘ನಾ’ ಮಾತ್ರ ಕಂಪನಿಯವರು ಕೂಡಿಸಿ ಕಳಿಸಿದ ಸ್ವರದಲ್ಲೇ ಬಡಿದುಕೊಳ್ಳುತ್ತಿರುತ್ತದೆ. ಇಡೀ ರಾತ್ರಿ ತತ್ವಪದ ಕೇಳುವವನಿಗೆ ಇದು ಹಲ್ಲಿಗೆ ಸಿಕ್ಕ ಹರಳು.

ತಬಲಾದವನು ಈ ತಪ್ಪು ಮಾಡಲಾರ. ಗಟ್ಟಾ ಏರಿಸಿ ಇಳಿಸಿ, ಸುತ್ತಿಗೆಯಿಂದ ಗಜರಾ ತಟ್ಟಿ, ಸುತ್ತಲೂ ಒಂದೇ ಸ್ವರ ಬರುವ ತನಕ ಪದ ಶುರುವಾಗಲು ಬಿಡುವುದಿಲ್ಲ. ಹಲಗಿಯವರು ಬೆಂಕಿಗೆ ಕಾಯಿಸಿಯೇ ಬಾರಿಸುತ್ತಾರೆ. ನಮ್ಮ ಬಿಸಿಲಿಗೆ ಚರ್ಮ ಏರುತ್ತದೆ, ಮಳೆಗಾಲದಲ್ಲಿ ಜೋಲುತ್ತದೆ. ಹೀಗಾಗಿ ಕಿವಿ ದಿನವೂ ಕೆಲಸ ಮಾಡಲೇಬೇಕು. ಪ್ಯಾಡಿಗೆ ಬಿಸಿಲೂ ತಾಗದು, ತಂಪೂ ತಾಗದು. ಅದಕ್ಕೇ ಯಾರೂ ಅದರ ಸುರ್ ನೋಡುವುದಿಲ್ಲ.

ಬಡಿಯುವ ವಾದ್ಯಕ್ಕೆ ಎಂಥ ಸ್ವರ ಎಂದು ಕೇಳುವವರಿದ್ದಾರೆ. ಬರೀ ಚರ್ಮ ಬಿಗಿದ ಡ್ರಮ್ಮಿನ ಮಟ್ಟಿಗೆ ಆ ಪ್ರಶ್ನೆ ಸರಿಯೇ. ಅದರ ಮೂಲನಾದವನ್ನು 1 ಎಂದು ಹಿಡಿದರೆ ಮೇಲಿನವು 1.59, 2.14, 2.30 ಎಂದು ಅಡ್ಡಾದಿಡ್ಡಿ ಬೀಳುತ್ತವೆ. ತಬಲಾ, ಮೃದಂಗದ ನಡುವಿನ ಕಪ್ಪು ಲೇಪ ಅವನ್ನು 2, 3, 4ರ ಸಾಲಿಗೆ ಎಳೆದು ತರುತ್ತದೆ. ಸಿ.ವಿ. ರಾಮನ್ ಇದನ್ನು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1934ರಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ಅದು ಗೆರೆಕಟ್ಟುವುದನ್ನು ತೋರಿಸಿ ವಿವರವಾಗಿಯೇ ಬರೆದರು. ತಬಲಾದ ‘ನಾ’ಕ್ಕೆ ಖಚಿತ ಸ್ವರವಿದೆ ಎಂದಮೇಲೆ, ಅದನ್ನೇ ರೆಕಾರ್ಡ್ ಮಾಡಿ ಪ್ಯಾಡಿಗೆ ತುಂಬಿದರೆ ಸ್ವರವೂ ಜೊತೆಗೇ ಬರುತ್ತದಲ್ಲ!

ಯಂತ್ರಕ್ಕೆ ಸ್ವರ ಕೂಡಿಸುವುದು ಹೊಸದೇನಲ್ಲ. 1980ರ ರೋಲ್ಯಾಂಡ್ 808 ಡ್ರಮ್ ಯಂತ್ರದಲ್ಲಿ ಟಾಮ್, ಕಾಂಗಾಗಳಿಗೆ ಸ್ವರ ತಿರುಗಿಸುವ ಗುಂಡಿ ಇತ್ತು. ಬಾಸ್ ಡ್ರಮ್ಮಿಗೆ ಇರಲಿಲ್ಲ. ನಮ್ಮ ಬೆಂಗಳೂರಿನ ರಾಡೆಲ್‌ನವರ ‘ತಾಳಮಾಲಾ’ ಎಂಬ ಎಲೆಕ್ಟ್ರಾನಿಕ್ ತಬಲಾದಲ್ಲಿ ಲಯಕ್ಕೊಂದು, ಶ್ರುತಿಗೊಂದು ಪ್ರತ್ಯೇಕ ಗುಂಡಿ. ಅದನ್ನು ಕಟ್ಟಿದ ಜಿ. ರಾಜನಾರಾಯಣ ಎಂಜಿನಿಯರ್ ಅಷ್ಟೇ ಅಲ್ಲ, ಕೊಳಲು ನುಡಿಸುವವರು ಕೂಡ. ಗುಂಡಿ ಎಲ್ಲಿರಬೇಕೆಂಬುದು ಅವರಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

ಇಂದಿನ ಪ್ಯಾಡುಗಳಲ್ಲಿ ಒಂದೊಂದು ಚೌಕಕ್ಕೂ ‘ಪಿಚ್’ ಇದೆ. ಅದನ್ನು ಮುಟ್ಟುವ ಮೊದಲು ಪೇಟಿಯವರಿಗೆ ‘ಸಾ’ ಹಿಡಿಯಲು ಹೇಳಿ. ಕರಿ ಒಂದು ಎಂದರೆ ಸುಮಾರು 277 ಹರ್ಟ್ಸ್. ನಿಮ್ಮ ‘ನಾ’ 273ರಲ್ಲಿದ್ದರೆ ಎರಡೂ ಕೂಡಿ ಸೆಕೆಂಡಿಗೆ ನಾಲ್ಕು ಸಲ ಅಲುಗುತ್ತವೆ. ‘ನಾ’ದ ಗುಂಗು ಬೇಗ ಅಡಗುವುದರಿಂದ ಆ ಅಲುಗಾಟ ಹಿಡಿಯಲು ಮೇಲಿಂದ ಮೇಲೆ ಬಡಿಯಬೇಕು. ಪೇಟಿ ಮಾಸ್ತರರು ಕಣ್ಣುಮುಚ್ಚಿ, ‘ತಮ್ಮಾ, ಇನ್ನಾ ಜರಾ ಏರ್ಸು... ಹಾಂ, ಬಿಡು’ ಎನ್ನುತ್ತಾರೆ. ಪ್ಯಾಡಿನ ಪುಟ್ಟ ಪರದೆಯ ಅಂಕಿಗಿಂತ ಆ ‘ಹಾಂ’ ನನಗೆ ಹೆಚ್ಚು ನಂಬಿಕೆಯದು.

ಏರಿಸುವುದಕ್ಕೂ ಮಿತಿಯಿದೆ. ಹಳೆಯ ರೀತಿಯಲ್ಲಿ ಪಿಚ್ ಏರಿಸುವುದೆಂದರೆ ರೆಕಾರ್ಡನ್ನು ವೇಗವಾಗಿ ಓಡಿಸುವುದೇ. ಅರ್ಧ ಸ್ವರಕ್ಕೆ ಸುಮಾರು ಶೇ 6, ಮೂರು ಅರ್ಧ ಸ್ವರಕ್ಕೆ ಶೇ 19. ಅಷ್ಟು ಹೊತ್ತಿಗೆ ತಬಲಾ ಗಾತ್ರದಲ್ಲೇ ಸಣ್ಣದಾಗಿ, ಆಟದ ಸಾಮಾನಿನಂತೆ ಟಿಣ್ ಎನ್ನತೊಡಗುತ್ತದೆ. ಗಂಡಸರ ಪದ ಮುಗಿದು ಕರಿ ನಾಲ್ಕರಲ್ಲಿ ಹಾಡುವ ಹೆಣ್ಣುಮಗಳು ಮುಂದೆ ಬಂದಾಗ ಹಳೆಯ ‘ನಾ’ವನ್ನೇ ಜಗ್ಗಬೇಡಿ. ತಬಲಾದವರು ಬೇರೆ ಅಳತೆಯ ಬಾಯಿಯ ಇನ್ನೊಂದು ತಬಲಾ ತೆಗೆದಿಡುವಂತೆ, ಆ ಸ್ವರಕ್ಕೆ ಹತ್ತಿರವಿರುವ ಬೇರೆ ಧ್ವನಿಯ ಕಿಟ್ ಒಂದನ್ನು ಮೊದಲೇ ಉಳಿಸಿಕೊಂಡಿರಿ.

ಬಾಸ್ ಡ್ರಮ್ ಎಳೆದು ಗುಂಗಿಟ್ಟರೆ ಅದಕ್ಕೂ ‘ಸಾ’ ಬೇಕು. ಅಷ್ಟು ಕೆಳಗಿನ ಸ್ವರ ಕಿವಿಗೆ ಸುಲಭವಾಗಿ ಸಿಕ್ಕದು. ಒಂದು ಸಪ್ತಕ ಮೇಲೇರಿಸಿ ಕೂಡಿಸಿ, ಆಮೇಲೆ ಇಳಿಸಿ. ಅದೂ ಬೇಡವೆಂದರೆ ಗುಂಗನ್ನೇ ಕತ್ತರಿಸಿ. ಗಿಡ್ಡ ಪೆಟ್ಟಿನಲ್ಲಿ ಸ್ವರ ಯಾರಿಗೂ ತಿಳಿಯುವುದಿಲ್ಲ. ತಾಳ, ಗೆಜ್ಜೆ, ಹಲಗಿಯ ಚಟ್‌ಗಳ ತಂಟೆಗೆ ಹೋಗುವುದೇ ಬೇಡ. ಡಗ್ಗಾವನ್ನಂತೂ ಒಂದೇ ಸ್ವರಕ್ಕೆ ಕಟ್ಟಿಹಾಕಬಾರದು. ಅಂಗೈ ಒತ್ತಿದಂತೆ ಜಾರುವುದೇ ಅದರ ಬೆಡಗು, ಮತ್ತು ಆ ಜಾರಿಕೆಯನ್ನು ರಬ್ಬರ್ ಚೌಕ ಕೊಡುವುದನ್ನು ನಾನಿನ್ನೂ ಕೇಳಿಲ್ಲ. ಹಾಗಾಗಿ ಪ್ಯಾಡಿನ ಪಕ್ಕ ನಿಜವಾದ ಡಗ್ಗಾ ಒಂದನ್ನು ಇಟ್ಟುಕೊಂಡು ಎಡಗೈ ಅದಕ್ಕೇ ಬಿಡುವವರ ಭಜನೆ ಎಲ್ಲೇ ನಡೆದರೂ ನಾನು ಮುಂದಿನ ಸಾಲಿನಲ್ಲೇ ಕೂರುತ್ತೇನೆ.