ಹೈಮಾಟ್: ಯಾರ ಊರು, ಯಾರ ಫೋಟೊ?

ಜರ್ಮನ್ ಭಾಷೆಯಲ್ಲಿ ‘ಹೈಮಾಟ್’ ಅಂತ ಒಂದು ಮಾತಿದೆ. ಹುಟ್ಟೂರು, ತವರು, ತಾಯ್ನಾಡು ಮೂರನ್ನೂ ಸೇರಿಸಿ ಹೇಳಿದರೂ ಅದರ ಅರ್ಥ ಪೂರ್ತಿ ಬರೋದಿಲ್ಲ ಅಂತ ತಿಳಿದವರು ಹೇಳ್ತಾರೆ. ಅದರಲ್ಲಿ ಕಾಡಿನ ವಾಸನೆ ಇದೆಯಂತೆ, ಅಜ್ಜಿಯ ಅಡುಗೆಮನೆ ಇದೆಯಂತೆ, ಚರ್ಚಿನ ಗಂಟೆ ಇದೆಯಂತೆ. ಇರಬಹುದು. ಆದರೆ ಯಾವುದಾದರೂ ಮಾತು ಅನುವಾದಕ್ಕೆ ಸಿಗದಷ್ಟು ಪವಿತ್ರ ಅಂತ ಯಾರಾದರೂ ಹೇಳಿದ ಕೂಡಲೆ ನಾವು ಹುಷಾರಾಗಬೇಕು. ನಮ್ಮ ‘ಊರು’ ಅನ್ನೋ ಮಾತನ್ನೇ ತಗೊಳ್ಳಿ. ಎಂಥ ತಂಪಾದ ಮಾತು! ಆದರೆ ಕೇರಿಯಲ್ಲಿ ಹುಟ್ಟಿದವನು ‘ಊರೊಳಕ್ಕೆ ಹೋಗಿ ಬರ್ತೀನಿ’ ಅಂತಾನೆ. ಅವನು ಹುಟ್ಟಿ ಬೆಳೆದ ಜಾಗ ಊರಿನ ಲೆಕ್ಕಕ್ಕೇ ಇಲ್ಲ. ಹೈಮಾಟ್ ಬಗ್ಗೆ ಓದುವಾಗಲೂ ನಮ್ಮ ಮೊದಲ ಪ್ರಶ್ನೆ ಇದೇ: ಲೆಕ್ಕಕ್ಕಿಲ್ಲದವರು ಯಾರು?

ಈ ಮಾತು ಮೊದಲಿಂದಲೂ ಬರೀ ಭಾವನೆಯ ಮಾತಾಗಿರಲಿಲ್ಲ. 19ನೇ ಶತಮಾನದ ಜರ್ಮನ್ ಸೀಮೆಗಳಲ್ಲಿ ‘ಹೈಮಾಟ್ ಹಕ್ಕು’ ಅಂತ ಕಾನೂನೇ ಇತ್ತು. ಆ ಹಕ್ಕು ಇದ್ದವನು ಊರಲ್ಲಿ ನೆಲೆಸಬಹುದು, ಕೈಲಾಗದ ಕಾಲಕ್ಕೆ ಊರಿನಿಂದ ಅನ್ನ ಕೇಳಬಹುದು. ಆಸ್ತಿಪಾಸ್ತಿ ಇಲ್ಲದ ಕೂಲಿಗೆ, ಮನೆಯಾಳಿಗೆ ದುಡಿಯೋ ಊರಲ್ಲಿ ಆ ಹಕ್ಕು ಸುಲಭಕ್ಕೆ ಸಿಗುತ್ತಿರಲಿಲ್ಲ. ದುಡಿಸಿಕೊಳ್ಳೋಕೆ ಊರು ತಯಾರು, ಮುದಿಯಾದ ಮೇಲೆ ಸಾಕೋಕೆ ತಯಾರಿಲ್ಲ. ಆಮೇಲೆ ರೈಲು ಬಂತು, ಕಾರ್ಖಾನೆ ಬಂತು, ಹಳ್ಳಿ ಖಾಲಿಯಾಯಿತು. ಖಾಲಿಯಾದ ಹಳ್ಳಿಯ ಮೇಲೆ ಪಟ್ಟಣದವರು ಹಾಡು ಕಟ್ಟಿದರು. ಹಕ್ಕಿನ ಮಾತು ಹೀಗೆ ಹಾಡಿನ ಮಾತಾಯಿತು.

ಆ ಹಾಡಿಗೆ ಮುಖ ಕೊಟ್ಟಿದ್ದು ಕ್ಯಾಮೆರಾ. ಇಲ್ಲಿ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು, ಆಗಸ್ಟ್ ಸ್ಯಾಂಡರ್ 1929ರಲ್ಲಿ ತಂದ ‘ಕಾಲದ ಮುಖ’, 60 ಫೋಟೊಗಳ ಪುಸ್ತಕ. ಸ್ಯಾಂಡರ್ ಗಣಿಯ ಬಡಗಿಯ ಮಗ, ಹುಡುಗನಾಗಿದ್ದಾಗ ತಾನೇ ಗಣಿಯಲ್ಲಿ ದುಡಿದವರು. ರೈತ, ಮಿಠಾಯಿ ಮಾಡುವವನು, ಕಾರ್ಖಾನೆ ಮಾಲೀಕ, ಕೆಲಸವಿಲ್ಲದೆ ಬೀದಿಯಲ್ಲಿ ನಿಂತವನು, ಎಲ್ಲರನ್ನೂ ಒಂದೇ ಮರ್ಯಾದೆಯಿಂದ ನೇರವಾಗಿ ನಿಲ್ಲಿಸಿ ಫೋಟೊ ತೆಗೆದರು. ಫೋಟೊದ ಕೆಳಗೆ ಕಸುಬು ಬರೆದರು, ರಕ್ತ ಬರೆಯಲಿಲ್ಲ. ಇನ್ನೊಂದು, ಎರ್ನಾ ಲೆಂಡ್ವಾಯ್-ಡಿರ್ಕ್ಸೆನ್ 1932ರಲ್ಲಿ ತಂದ ‘ಜರ್ಮನ್ ಜನಮುಖ’. ಅಲ್ಲೂ ರೈತರೇ, ಅಲ್ಲೂ ಸುಕ್ಕುಗಟ್ಟಿದ ಮುಖಗಳೇ. ಆದರೆ ಆ ಸುಕ್ಕು ದುಡಿಮೆಯಿಂದ ಬಂದದ್ದಲ್ಲ, ಮಣ್ಣು ಮತ್ತು ಜನಾಂಗದಿಂದ ಬಂದದ್ದು ಅನ್ನೋ ಹಾಗೆ ತೋರಿಸಿದ್ದಾರೆ. ನಾಜಿಗಳು ಎರಡನೆಯದನ್ನು ತಲೆ ಮೇಲೆ ಹೊತ್ತರು. ಮೊದಲನೆಯದರ ಉಳಿದ ಪ್ರತಿಗಳನ್ನು 1936ರಲ್ಲಿ ಜಪ್ತಿ ಮಾಡಿದರು. ಎಡಪಂಥೀಯನಾಗಿದ್ದ ಸ್ಯಾಂಡರ್ ಮಗ ಎರಿಖ್ 1944ರಲ್ಲಿ ಜೈಲಿನಲ್ಲೇ ಸತ್ತ.

ಸ್ಯಾಂಡರ್ ಕೂಡ ರೈತನೇ ಎಲ್ಲರಿಗೂ ಮೂಲಪುರುಷ ಅಂತ ನಂಬಿ ತಮ್ಮ ಸಂಗ್ರಹದ ಮೊದಲಿಗೆ ಅವನನ್ನೇ ಇಟ್ಟರು. ಆ ಮಟ್ಟಿಗೆ ಅವರೂ ಹೈಮಾಟಿನ ಹಾಡನ್ನು ಕೇಳಿದವರೇ. ಆದರೆ ಕಲೋನ್ ಪಟ್ಟಣದ ಯಹೂದಿಗಳು 1938ರ ಹೊತ್ತಿಗೆ ಗುರುತಿನ ಚೀಟಿಗಾಗಿ ಫೋಟೊ ತೆಗೆಸಿಕೊಳ್ಳಬೇಕಾಗಿ ಬಂದಾಗ ಅವರು ಮಾಡಿದ್ದು ದೊಡ್ಡ ಕೆಲಸ. ಆ ಮುಖಗಳನ್ನೂ ಅದೇ ಮರ್ಯಾದೆಯಿಂದ ತೆಗೆದರು. ಮುಂದೆ ‘ಕಿರುಕುಳಕ್ಕೆ ಒಳಗಾದವರು’ ಅಂತ ಹೆಸರು ಕೊಟ್ಟು, ಜರ್ಮನಿಯ ಜನರ ನಡುವೆಯೇ ತಮ್ಮ ಸಂಗ್ರಹದಲ್ಲಿ ಜಾಗ ಮಾಡಿದರು. ಸರ್ಕಾರ ಹೊರಗೆ ಹಾಕಿದವರನ್ನು ಒಬ್ಬ ಫೋಟೊಗ್ರಾಫರ್ ಒಳಗೆ ಇಟ್ಟ. ಬದ್ಧತೆ ಅಂದರೆ ಇದು.

ಇದು ಕಸುಬುದಾರರ ಮಾತಾಯಿತು. ಮನೆಮನೆಯ ಆಲ್ಬಮ್ ಏನು ಹೇಳುತ್ತೆ? ನೋರಾ ಕ್ರೂಗ್ 2018ರಲ್ಲಿ ‘ಹೈಮಾಟ್’ ಅಂತಲೇ ಒಂದು ಪುಸ್ತಕ ತಂದರು. ಇವರು ಹುಟ್ಟಿದ್ದು 1977ರಲ್ಲಿ, ಕಾರ್ಲ್ಸ್‌ರೂಹ ಪಟ್ಟಣದಲ್ಲಿ. ಈಗ ನ್ಯೂಯಾರ್ಕಿನ ವಾಸಿ, ಮದುವೆಯಾದದ್ದು ಯಹೂದಿ ಮನೆತನಕ್ಕೆ. ಮನೆಯ ಫೋಟೊ, ಸಂತೆಯಲ್ಲಿ ಕೊಂಡ ಅಪರಿಚಿತರ ಫೋಟೊ, ಕೈಬರಹ, ಚಿತ್ರ ಎಲ್ಲ ಅಂಟಿಸಿದ ದೊಡ್ಡ ಆಲ್ಬಮ್ಮಿನ ಹಾಗಿದೆ ಪುಸ್ತಕ. ಪ್ರಶ್ನೆ ಒಂದೇ: ನಾಜಿ ಕಾಲದಲ್ಲಿ ನಮ್ಮ ಮನೆಯವರು ಏನು ಮಾಡ್ತಾ ಇದ್ದರು?

ತಾಯಿಯ ತಂದೆ ಡ್ರೈವಿಂಗ್ ಕಲಿಸುತ್ತಿದ್ದ ಸಾಮಾನ್ಯ ಮನುಷ್ಯ. ಲೇಖಕಿ ದಾಖಲೆ ಕಚೇರಿಗೆ ಹೋಗಿ ಯುದ್ಧದ ನಂತರ ಅಮೆರಿಕನ್ನರು ತುಂಬಿಸಿಕೊಂಡ ಪ್ರಶ್ನಾವಳಿ ತೆಗೆಸುತ್ತಾರೆ. 131 ಪ್ರಶ್ನೆಗಳ ಆ ಕಾಗದದಲ್ಲಿ ತಾತ ನಾಜಿ ಪಕ್ಷದ ಸದಸ್ಯ ಅನ್ನೋದು ಹೊರಬೀಳುತ್ತದೆ. ತಂದೆಯ ಅಣ್ಣ 18ಕ್ಕೇ ಇಟಲಿಯ ಯುದ್ಧದಲ್ಲಿ ಸತ್ತ ಹುಡುಗ. ಅವನ ಶಾಲೆಯ ನೋಟ್‌ಬುಕ್ಕಿನಲ್ಲಿ ಯಹೂದಿಯನ್ನು ವಿಷದ ಅಣಬೆಗೆ ಹೋಲಿಸಿದ ಪಾಠ ಮುದ್ದಾದ ಅಕ್ಷರದಲ್ಲಿದೆ. ಫೋಟೊ ನೋಡಿದರೆ ಮುದ್ದು ಹುಡುಗ. ಮೇಷ್ಟರಾದ ನಮ್ಮ ಓದುಗರು ಈ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಆ ಪಾಠ ಬರೆಸಿದವರು ಯಾರೋ ಮೇಷ್ಟರೇ ಅಲ್ಲವಾ?

ಕ್ರೂಗ್ ಅವರ ಪುಸ್ತಕದ ಶಕ್ತಿ ಇಲ್ಲಿದೆ: ಫೋಟೊವನ್ನು ಒಂಟಿಯಾಗಿ ನಂಬೋದಿಲ್ಲ, ಪಕ್ಕದಲ್ಲಿ ಕಾಗದ ಇಡುತ್ತಾರೆ. ಮನೆಯ ಫೋಟೊದಲ್ಲಿ ಎಲ್ಲರೂ ಒಳ್ಳೆಯವರೇ. ಕ್ಯಾಮೆರಾ ಮುಂದೆ ಯಾರು ಪಕ್ಷದ ಚೀಟಿ ಹಿಡಿದು ನಗುತ್ತಾರೆ?

ಆದರೆ ಒಂದು ಮಿತಿ ಇದೆ, ಹೇಳಲೇಬೇಕು. ಪುಸ್ತಕದ ನಡುನಡುವೆ ಊರಿನ ನೆನಪಿನ ಸಾಮಾನುಗಳ ಪಟ್ಟಿ ಬರುತ್ತೆ. ಗಾಯದ ಪಟ್ಟಿ, ಅಂಟು, ಬಿಸಿನೀರಿನ ಚೀಲ. ಕಳಕೊಂಡೆ ಅಂತ ಹಂಬಲಿಸೋಕೂ ಮೊದಲು ಪಡೆದಿರಬೇಕು. ಅಪರಾಧದ ಲೆಕ್ಕ ಹುಡುಕೋಕೂ ಆಲ್ಬಮ್ ಉಳಿದಿರಬೇಕು. ಯಾರ ಮನೆಯನ್ನು ಆಲ್ಬಮ್ ಸಮೇತ ಬರಿದು ಮಾಡಿದರೋ ಅವರ ಹೈಮಾಟ್ ಈ ಪುಸ್ತಕದಲ್ಲಿ ಖಾಲಿ ಜಾಗವಾಗಿಯೇ ಉಳಿಯುತ್ತದೆ. ಪಶ್ಚಾತ್ತಾಪವೂ ಒಂದು ಬಗೆಯ ಪಿತ್ರಾರ್ಜಿತ ಆಸ್ತಿ, ಎಲ್ಲರಿಗೂ ಸಿಗೋದಿಲ್ಲ.

ಕಾಗದವಿಲ್ಲದ ಫೋಟೊ ಎಷ್ಟು ಮೋಸ ಮಾಡಬಲ್ಲದು ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಇದೆ. ಹ್ಯಾಂಬರ್ಗಿನ ಒಂದು ಸಂಶೋಧನಾ ಸಂಸ್ಥೆ 1995ರಲ್ಲಿ ಜರ್ಮನ್ ಸೈನ್ಯದ ಅಪರಾಧಗಳ ಪ್ರದರ್ಶನ ಮಾಡಿತು. ಅದರಲ್ಲಿ ಎಷ್ಟೋ ಫೋಟೊಗಳು ಸಾಮಾನ್ಯ ಸಿಪಾಯಿಗಳೇ ತೆಗೆದವು. ನೇಣು ಹಾಕಿದ್ದನ್ನು, ಗುಂಡಿಕ್ಕಿದ್ದನ್ನು ನೆನಪಿಗಾಗಿ ಜೇಬಿನಲ್ಲಿಟ್ಟುಕೊಂಡ ಫೋಟೊಗಳು. ‘ನಮ್ಮಪ್ಪ ಅಂಥವನಲ್ಲ’ ಅಂತ ದೇಶವೇ ಕೂಗಾಡಿತು. ಆಮೇಲೆ ಕೆಲವು ಫೋಟೊಗಳ ವಿವರಣೆ ತಪ್ಪು ಅಂತ ಇತಿಹಾಸಕಾರರು ತೋರಿಸಿದ್ದರಿಂದ 1999ರಲ್ಲಿ ಪ್ರದರ್ಶನ ನಿಂತಿತು. ಕೆಲವೇ ತಪ್ಪುಗಳು ಇಡೀ ಸತ್ಯದ ಬಾಯಿಗೆ ಬೀಗ ಹಾಕೋಕೆ ಸಾಕಾದವು. ಪರಿಶೀಲನೆ ಮಾಡಿದ ಸಮಿತಿ ಮೂಲ ವಾದ ಸರಿ ಅಂದಿತು. 2001ರಲ್ಲಿ ಪ್ರದರ್ಶನವನ್ನು ಹೊಸದಾಗಿ ಕಟ್ಟಿದರು. ಹೋರಾಟಗಾರರು ನೆನಪಿಡಬೇಕಾದ ಪಾಠ ಇದು.

ಈಗ ಹೊರಗೆ ಹಾಕಿಸಿಕೊಂಡವರ ಫೋಟೊಗಳಿಗೆ ಬರೋಣ. ಸಿಂತಿ ಜನ ಜರ್ಮನ್ ನೆಲದಲ್ಲಿ 600 ವರ್ಷದಿಂದ ಇದ್ದಾರೆ. ಜರ್ಮನರ ಬಾಯಲ್ಲಿ ಅವರು ‘ಅಲೆಮಾರಿ’, ‘ಕಳ್ಳ’. ನಾಜಿ ಕಾಲದಲ್ಲಿ ರಾಬರ್ಟ್ ರಿಟ್ಟರ್ ಅನ್ನೋ ಡಾಕ್ಟರು ಬರ್ಲಿನ್ನಿನಲ್ಲಿ ಜನಾಂಗ ಸಂಶೋಧನೆಯ ಕಚೇರಿ ತೆರೆದ. ಸಿಂತಿ ಮತ್ತು ರೋಮಾ ಜನರನ್ನು ಹಿಡಿದು, ತಲೆ ಅಳೆದು, ಎದುರಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಸಿದ. ಸುಮಾರು 24,000 ಜನರ ಮೇಲೆ ವರದಿ ತಯಾರಾಯಿತು. 1943ರಿಂದ ಅವರನ್ನು ಔಶ್ವಿಟ್ಸಿಗೆ ರೈಲು ಹತ್ತಿಸಿದರು. ಯುದ್ಧ ಮುಗಿದ ಮೇಲೂ ನ್ಯಾಯ ಸಿಗಲಿಲ್ಲ. 1943ಕ್ಕೆ ಮುಂಚಿನ ಕಿರುಕುಳ ಜನಾಂಗದ ಕಾರಣಕ್ಕಲ್ಲ, ಅವರ ನಡತೆಯ ಕಾರಣಕ್ಕೆ ಅಂತ ಪಶ್ಚಿಮ ಜರ್ಮನಿಯ ಅತ್ಯುನ್ನತ ನ್ಯಾಯಾಲಯ 1956ರಲ್ಲಿ ತೀರ್ಪು ಕೊಟ್ಟಿತು. 1980ರಲ್ಲಿ ಸಿಂತಿ ಹೋರಾಟಗಾರರು ಡಾಖಾವ್ ಶಿಬಿರದ ಜಾಗದಲ್ಲೇ ಉಪವಾಸ ಕೂತರು. ನಡೆದದ್ದು ಜನಾಂಗ ಹತ್ಯೆ ಅಂತ ಸರ್ಕಾರದ ಬಾಯಲ್ಲಿ ಬಂದದ್ದು 1982ರಲ್ಲಿ.

ಇವರು 1997ರಲ್ಲಿ ಹೈಡೆಲ್‌ಬರ್ಗಿನಲ್ಲಿ ತೆರೆದ ಪ್ರದರ್ಶನದಲ್ಲಿ ಏನು ಮಾಡಿದರು ನೋಡಿ. ಕಚೇರಿ ತೆಗೆದ ಫೋಟೊಗಳಿಗೆ ಎದುರಾಗಿ ತಮ್ಮ ಮನೆಯ ಫೋಟೊಗಳನ್ನು ಇಟ್ಟರು. ಮದುವೆ, ಶಾಲೆಗೆ ಹೊರಟ ಮಗು, ಜರ್ಮನ್ ಸೈನ್ಯದ ಸಮವಸ್ತ್ರದಲ್ಲಿ ನಿಂತ ಮಗ. ಯಾವ ದೇಶದ ಸಮವಸ್ತ್ರ ಹಾಕಿದ್ದನೋ ಅದೇ ದೇಶ ಅವನನ್ನು ಸೈನ್ಯದಿಂದ ತೆಗೆದು ಶಿಬಿರಕ್ಕೆ ಕಳಿಸಿತು. ಕ್ರೂಗ್ ಅವರ ಮನೆಯಲ್ಲಿ ಫೋಟೊ ಮುಗ್ಧ, ಕಾಗದ ಸಾಕ್ಷಿ. ಇಲ್ಲಿ ಪೂರಾ ಉಲ್ಟಾ. ಕಾಗದವೇ ಸುಳ್ಳು, ಮನೆಯ ಫೋಟೊವೇ ಸಾಕ್ಷಿ. ಅದಕ್ಕೇ ನಾವು ಹೇಳೋದು, ಫೋಟೊಗೆ ತನ್ನದೇ ಸತ್ಯ ಅಂತ ಇರೋದಿಲ್ಲ. ಅದು ಯಾರ ಕೈಯಲ್ಲಿದೆ, ಯಾವುದಕ್ಕೆ ಎದುರು ನಿಂತಿದೆ ಅನ್ನೋದೇ ಮುಖ್ಯ.

ಮುಂದೆ ಬಂದವರು ಕೂಲಿಗಳು. 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದವಾಯಿತು. ‘ಅತಿಥಿ ಕಾರ್ಮಿಕ’ ಅಂತ ಚಂದದ ಹೆಸರು ಕೊಟ್ಟರು. ಅತಿಥಿ ಅಂದರೆ ಎದ್ದು ಹೋಗಬೇಕಾದವನು ಅಂತ ಅರ್ಥ. ಜಾನ್ ಬರ್ಜರ್ ಬರೆದು ಜಾನ್ ಮೊಹ್ರ್ ಫೋಟೊ ತೆಗೆದ ‘ಏಳನೆಯ ಮನುಷ್ಯ’ (1975) ಪುಸ್ತಕದಲ್ಲಿ ಇಸ್ತಾಂಬುಲ್ಲಿನ ವೈದ್ಯಕೀಯ ತಪಾಸಣೆಯ ಫೋಟೊಗಳಿವೆ. ಬಟ್ಟೆ ಬಿಚ್ಚಿ ಸಾಲಾಗಿ ನಿಂತ ಗಂಡಸರು, ಮೈಮೇಲೆ ನಂಬರು. ಅದೇ ಪುಸ್ತಕದಲ್ಲಿ ಫ್ರಾನ್ಸಿಗೆ ಕದ್ದು ಗಡಿ ದಾಟುತ್ತಿದ್ದ ಪೋರ್ಚುಗೀಸ್ ಕೂಲಿಗಳ ಸಂಗತಿಯೂ ಇದೆ. ಅವರು ತಮ್ಮ ಫೋಟೊ ಹರಿದು ಅರ್ಧ ದಾಟಿಸುವವನಿಗೆ ಕೊಡುತ್ತಿದ್ದರು. ಕ್ಷೇಮವಾಗಿ ಮುಟ್ಟಿದ ಮೇಲೆ ಇನ್ನರ್ಧ ಮನೆಗೆ ಕಳಿಸುತ್ತಿದ್ದರು. ದಾಟಿಸುವವನು ಬಂದು ತನ್ನ ಅರ್ಧ ತೋರಿಸಿದರೆ, ಎರಡೂ ಕೂಡಿದರೆ, ಮನೆಯವರು ದುಡ್ಡು ಕೊಡುತ್ತಿದ್ದರು. ಹೈಮಾಟ್ ಬಗ್ಗೆ ಬರೆದ ಎಷ್ಟೋ ಪದ್ಯಗಳಿಗಿಂತ ಆ ಹರಿದ ಫೋಟೊ ದೊಡ್ಡದು. ಟರ್ಕಿಯಿಂದ ಬಂದವರು 1990ರಲ್ಲಿ ತಮ್ಮ ಫೋಟೊ, ಪತ್ರ, ಸಾಮಾನುಗಳನ್ನು ತಾವೇ ಕೂಡಿಡುವ ಸಂಗ್ರಹ ಶುರು ಮಾಡಿದರು. ಬೇರೆಯವರು ನಮ್ಮ ಇತಿಹಾಸ ಬರೆಯಲಿ ಅಂತ ಕಾಯಲಿಲ್ಲ.

ಅವರ ಮಕ್ಕಳಿಗೆ ಅಲ್ಲೇ ಹುಟ್ಟಿದ ಕಾರಣಕ್ಕೆ ಪೌರತ್ವ ಸಿಗುವ ದಾರಿ ತೆರೆದದ್ದು 2000ದಲ್ಲಿ. ಅಲ್ಲಿಯವರೆಗೆ ರಕ್ತವೇ ಪ್ರಮಾಣಪತ್ರ. 2018ರಲ್ಲಿ ಜರ್ಮನಿಯ ಗೃಹ ಖಾತೆ ತನ್ನ ಹೆಸರಿಗೆ ‘ಹೈಮಾಟ್’ ಸೇರಿಸಿಕೊಂಡಿತು, 2025ರವರೆಗೆ ಇಟ್ಟುಕೊಂಡಿತು. ಆ ಖಾತೆ ಹೊರಡಿಸಿದ ಒಂದು ಫೋಟೊ ಇದೆ: ಮಂತ್ರಿ, ಸುತ್ತ ಎಂಟು ಕಾರ್ಯದರ್ಶಿಗಳು, ಒಂಬತ್ತೂ ಜನ ಗಂಡಸರು. ಹೈಮಾಟ್ ಖಾತೆಯ ಮನೆಯ ಫೋಟೊ ಅದು. ಒಬ್ಬ ಹೆಂಗಸಿಲ್ಲ!

2020ರ ಫೆಬ್ರವರಿ 19ರಂದು ಹನಾವ್ ಪಟ್ಟಣದಲ್ಲಿ ಒಬ್ಬ ಜನಾಂಗದ್ವೇಷಿ ಒಂಬತ್ತು ಜನರನ್ನು ಗುಂಡಿಕ್ಕಿ ಕೊಂದ. ವಲಸೆ ಬಂದ ಮನೆಗಳ ಮಕ್ಕಳು ಅವರು, ರೋಮಾ ಜನರೂ ಇದ್ದರು. ಮನೆಯವರು ಫೋಟೊ ಹಿಡಿದು ಬೀದಿಗೆ ಬಂದು ಹೆಸರು ಕೂಗಿದರು. ಫ್ರಾಂಕ್‌ಫರ್ಟಿನ ಒಂದು ಸೇತುವೆಯ ಕೆಳಗೆ ಆ ಒಂಬತ್ತು ಮುಖಗಳನ್ನು ದೊಡ್ಡದಾಗಿ ಬರೆದರು. ಹೈಮಾಟ್ ಅಂದರೆ ಏನು ಅಂತ ಯಾರಿಗಾದರೂ ಹೇಳೋದಿದ್ದರೆ ಆ ಗೋಡೆ ಮುಂದೆ ನಿಂತು ಹೇಳಲಿ.