ನಿಧಾನವಾಗುತ್ತಿರುವುದು ಯಾವುದು?

ಇಂಗ್ಲಿಷಿನ ‘ಸ್ಲೋ ಡೌನ್’ ಎಲ್ಲದಕ್ಕೂ ಒಗ್ಗುತ್ತದೆ: ಕಾರಿಗೂ ಸರಿ, ವ್ಯಾಪಾರಕ್ಕೂ ಸರಿ, ಗಡಿಬಿಡಿಯಲ್ಲಿ ಮಾತಾಡುವವರಿಗೂ ಸರಿ. ಅದನ್ನು ಜರ್ಮನ್‌ಗೆ ತರುವವರು ನಿಘಂಟಿನ ‘ಫೆರ್‌ಲಾಂಗ್‌ಜಾಮೆನ್’ ಅನ್ನೇ ಎಲ್ಲೆಡೆ ಹಾಕಿಬಿಡುವುದುಂಟು. ಓದಿದರೆ ಸರ್ಕಾರಿ ವರದಿಯ ವಾಸನೆ.

ಜರ್ಮನ್ ಭಾಷೆ ಮೊದಲು ನೋಡುವುದು ನಿಧಾನವಾಗುತ್ತಿರುವುದು ಯಾವುದು ಎಂದು. ಗಾಡಿ ಓಡಿಸುವವನಿಗೆ ‘ಫಾರ್ ಲಾಂಗ್‌ಜಾಮರ್’, ಮಾತಾಡುವವನಿಗೆ ‘ಶ್ಪ್ರಿಶ್ ಲಾಂಗ್‌ಜಾಮರ್’; ಸಾಮಾನ್ಯವಾಗಿ ಮಾಡುತ್ತಿರುವ ಕೆಲಸದ ಹೆಸರು ಜೊತೆಗೆ ಬರುತ್ತದೆ. ಮಳೆಗೆ ‘ನಾಖ್‌ಲಾಸೆನ್’, ಗಾಳಿಗೆ ‘ಆಬ್‌ಫ್ಲೌಎನ್’. ನೋವಿನದು ಇನ್ನೂ ಸೊಗಸು: ‘ಆಬ್‌ಕ್ಲಿಂಗೆನ್’. ಕ್ಲಿಂಗೆನ್ ಎಂದರೆ ದನಿಗೊಡುವುದು. ಬಾರಿಸಿದ ಗಂಟೆಯ ನಾದದಂತೆ ನೋವು ಸಣ್ಣಗಾಗುತ್ತಾ ಹೋಗುತ್ತದೆ. ಸಂಜೆಯ ಕೂಟ ಮುಗಿಯುತ್ತಾ ಬಂದಾಗ ಅದೇ ಧಾತು ಉಪಸರ್ಗ ಬದಲಿಸಿಕೊಂಡು ‘ಔಸ್‌ಕ್ಲಿಂಗೆನ್’ ಆಗುತ್ತದೆ. ನಮ್ಮಲ್ಲೂ ಜ್ವರ ಇಳಿಯುತ್ತದೆ, ಗಾಳಿ ತಗ್ಗುತ್ತದೆ, ಸಿಟ್ಟು ತಣಿಯುತ್ತದೆ. ಬೆಂಗಳೂರಿನಲ್ಲಿ ಇಂಗ್ಲಿಷಿನ ಮೂಲಕ ಜರ್ಮನ್ ಕಲಿಯುವವರು ಈ ವಿಷಯದಲ್ಲಿ ಕನ್ನಡದಿಂದ ಹೊರಟರೇ ವಾಸಿ.

ಅನುವಾದಕರ ಕೈಗುಣ ಗೊತ್ತಾಗುವುದು ಮನುಷ್ಯರ ವಿಷಯ ಬಂದಾಗ. ಹೃದಯದ ತೊಂದರೆಯಿರುವವರಿಗೆ ವೈದ್ಯರು ಹೇಳುವ ‘ಸ್ಲೋ ಡೌನ್’ ಜರ್ಮನ್‌ನಲ್ಲಿ ‘ಕ್ಯೂರ್ಟ್ಸರ್‌ಟ್ರೇಟೆನ್’, ಅಂದರೆ ಹೆಜ್ಜೆ ಗಿಡ್ಡ ಮಾಡಿಕೊಳ್ಳಿ ಎಂದು. ಎಷ್ಟು ಮಟ್ಟಸವಾದ ಮಾತು! ಇಂಥ ಕಡೆ ಈಚಿನವರು ‘ಎಂಟ್‌ಶ್ಲಾಯ್ನಿಗೆನ್’, ಅಂದರೆ ವೇಗ ಕಳೆಯುವುದು, ಎಂಬುದನ್ನು ತಂದು ತುರುಕುತ್ತಾರೆ. ಆ ಪದಕ್ಕೆ ಅದರದ್ದೇ ಚರಿತ್ರೆಯಿದೆ. 1983ರಲ್ಲಿ ಜರ್ಮನ್ ಲೇಖಕ ಸ್ಟೆನ್ ನಾಡೋಲ್ನಿ ಧ್ರುವಯಾತ್ರಿ ಜಾನ್ ಫ್ರಾಂಕ್ಲಿನ್ ಕುರಿತ ಕಾದಂಬರಿಯಲ್ಲಿ ನಿಧಾನವನ್ನೇ ಗುಣವಾಗಿಸಿದರು. 1990ರಲ್ಲಿ ಆಸ್ಟ್ರಿಯಾದ ಕ್ಲಾಗನ್‌ಫುರ್ಟ್‌ನಲ್ಲಿ ಪೀಟರ್ ಹೈಂಟೆಲ್ ಕಾಲವನ್ನು ತಡಮಾಡುವ ಸಂಘವನ್ನೇ ಕಟ್ಟಿದರು. ಬದುಕಿನ ಓಟದ ಬಗೆಗಿನ ಆ ಚರ್ಚೆಯ ಬಣ್ಣ ಪದಕ್ಕೂ ಹತ್ತಿದೆ, ಈಗ ರೆಸಾರ್ಟ್ ಜಾಹೀರಾತಿನ ಬಣ್ಣವೂ ಸೇರಿದೆ. ಹಳ್ಳಿಯ ಮುದುಕಿಯೊಬ್ಬಳು ಮೊಮ್ಮಗನಿಗೆ ಹೇಳುವ ಮಾತಿಗೆ ಅದು ಸಲ್ಲದು. ‘ಮಾಖ್ ಲಾಂಗ್‌ಜಾಮ್’ ಸಾಕು.

ಇಂಗ್ಲಿಷಿನದೇ ಇನ್ನೊಂದು ಮಾತಾದ ‘ವೈಂಡ್ ಡೌನ್’ಗೆ ಮಾತ್ರ ನನಗೆ ಒಪ್ಪುವ ಉತ್ತರ ಸಿಕ್ಕಿಲ್ಲ. ರೂಢಿಯ ‘ಆಬ್‌ಷಾಲ್ಟೆನ್’ ಎಂದರೆ ಸ್ವಿಚ್ ಆರಿಸುವುದು. ದಿನದ ದಣಿವು ಮೆಲ್ಲಮೆಲ್ಲನೆ ಇಳಿಯುವ ಭಾವ ಅದರಲ್ಲಿ ಎಲ್ಲಿದೆ? ‘ರುಂಟರ್‌ಕೋಮೆನ್’ನಲ್ಲಿ ಇಳಿತವೇನೋ ಇದೆ, ಆದರೆ ಅದು ಗೆಳೆಯರ ನಡುವಿನ ಆಡುಮಾತು. ಗಂಭೀರ ಗದ್ಯದಲ್ಲಿ ಪದದ ಆಸೆ ಬಿಟ್ಟು, ಆ ಮನುಷ್ಯ ಸಂಜೆ ಏನು ಮಾಡಿದ ಎಂಬುದನ್ನೇ ಬರೆಯಬೇಕು, ಸಂಪಾದಕರು ಉದ್ದವಾಯಿತು ಎಂದು ಗೊಣಗಿದರೂ.